ನಮ್ಮನೇಲಿ ಯಾರ್ಯಾರಿಗೆ ಯಾವ್ಯಾವ ದೆವ್ವ

ಟೀವೀಲಿ ದೆವ್ವದ ಸಿನಿಮಾ ಬಂದ್ರೆ ನಮ್ಮನೇಲಿ ಎಲ್ರೂ ಬಂದು ಕೂರ್ತಾರೆ, ಆದ್ರೆ ಎಲ್ರೂ ಒಂದೇ ಸೀನಿಗೆ ಹೆದರಲ್ಲ. ಮಗಳ ಭಯ ಎಲ್ಲ ಕಿವೀಲಿ. ಬಾಗಿಲು ಕಿರ್ ಅಂದ್ರೆ ಸಾಕು, ದಿಂಬು ಮುಖಕ್ಕೆ. ಒಂದ್ಸಲ ರಿಮೋಟ್ ಇಸ್ಕೊಂಡು ಸೌಂಡ್ ಪೂರ್ತಿ ತೆಗೆದ್ಬಿಟ್ಟೆ. ಅದೇ ದೆವ್ವ, ಅದೇ ಬಿಳಿ ಸೀರೆ, ಅವಳು ನಗೋಕೆ ಶುರು ಮಾಡಿದ್ಲು. ನೀವೂ ಮಾಡಿ ನೋಡಿ. ನಮ್ಮನೆಯವರಿಗೆ ಮಾತ್ರ ಯಾವ ದೆವ್ವದ ಭಯವೂ ಇಲ್ಲ, ಅದು ಬರೋ ಹೊತ್ತಿಗೆ ಗೊರಕೆ ಹೊಡೀತಾ ಇರ್ತಾರೆ.

ನನ್ನ ಕಾಲದ್ದು ‘ನಾ ನಿನ್ನ ಬಿಡಲಾರೆ’, 1979ರದ್ದು. ಅನಂತ್‌ನಾಗ್ ಮೈಮೇಲೆ ಹೆಣ್ಣು ದೆವ್ವ ಬರೋದು. ನಾನಾಗ ಸ್ಕೂಲ್ ಹುಡುಗಿ. ಅಷ್ಟು ಲಕ್ಷಣವಾದ ಮುಖ ಇದ್ದಕ್ಕಿದ್ದಂಗೆ ಬೇರೆ ಯಾರದ್ದೋ ಆಗಿಬಿಟ್ಟಿತಲ್ಲ, ಅದಕ್ಕೇ ಹೆದರಿದ್ದು. ಎಷ್ಟೋ ದಿನ ರಾತ್ರಿ ಬಚ್ಚಲಿಗೆ ಹೋಗೋಕೆ ಅಮ್ಮ ಜೊತೆಗೆ ಬರ್ಬೇಕಿತ್ತು. ತೊಂಬತ್ತರ ದಶಕದಲ್ಲಿ ಬೆಂಗಳೂರಲ್ಲಿ ಬಾಗಿಲ ಮೇಲೆಲ್ಲ ‘ನಾಳೆ ಬಾ’ ಅಂತ ಬರೀತಿದ್ರಲ್ಲ, ಅದೂ ಇದೇ ಥರ. ದೆವ್ವ ಬಂದು ನಮ್ಮೋರ ದನೀಲೇ ಕರೆಯುತ್ತಂತೆ. ಬೇರೆಯವರ ದನಿಯಾದ್ರೆ ನಾವು ಬಾಗಿಲು ತೆಗೀತೀವಾ?

ಆದ್ರೆ ನಾನು ಮುಖ್ಯವಾಗಿ ಹೇಳ್ಬೇಕಂದ್ಕೊಂಡಿದ್ದು ನಮ್ಮತ್ತೆ ವಿಷಯ. ‘ಆಪ್ತಮಿತ್ರ’ ಬಂದಿದ್ದು 2004ರ ಆಗಸ್ಟ್‌ನಲ್ಲಿ. ಸೌಂದರ್ಯ ಅದೇ ಏಪ್ರಿಲ್‌ನಲ್ಲಿ ಜಕ್ಕೂರಿನ ವಿಮಾನ ಅಪಘಾತದಲ್ಲಿ ಹೋಗ್ಬಿಟ್ಟಿದ್ರು. ತೆರೆ ಮೇಲೆ ಅವರು ಕಣ್ಣರಳಿಸಿದಾಗ ನನಗೆ ನಾಗವಲ್ಲಿಗಿಂತ ಆ ನೆನಪಿಗೇ ಮೈ ಜುಮ್ ಅಂತು. ಅತ್ತೆ ಮಾತ್ರ ಅಲುಗಲಿಲ್ಲ. ಬೀಗ ಹಾಕಿದ ರೂಮು, ಗೆಜ್ಜೆ ಸದ್ದು, ಯಾವುದಕ್ಕೂ ಇಲ್ಲ. ಕೊನೇಲಿ ಸುತ್ತ ಪೂಜೆ, ಜನ, ನಡುವೆ ಆ ಹುಡುಗಿ ಒಬ್ಬಳೇ, ಆಗ ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡ್ರು. ಕೈಯೆಲ್ಲ ತಣ್ಣಗಿತ್ತು.

ಮನೆಗೆ ಬಂದು ಸೊಪ್ಪು ಬಿಡಿಸ್ತಾ ಕೂತಾಗ ತಾವಾಗೇ ಹೇಳಿದ್ರು. ಊರಲ್ಲಿದ್ದಾಗ ಅವರ ಮೊದಲ ಕೂಸು ಒಂಬತ್ತು ದಿನಕ್ಕೇ ತೀರ್ಕೊಳ್ತಂತೆ. ಇವರು ಮಾತು ಬಿಟ್ರು, ಊಟ ಬಿಟ್ರು, ರಾತ್ರಿ ಎದ್ದು ಖಾಲಿ ತೊಟ್ಟಿಲು ತೂಗ್ತಿದ್ರಂತೆ. ಗಾಳಿ ಸೋಕಿದೆ ಅಂತ ತೀರ್ಮಾನ ಆಯ್ತು. ಯಾರನ್ನೋ ಕರೆಸಿ, ಮೆಣಸಿನಕಾಯಿ ಹೊಗೆ ಹಾಕಿ, ಬೇವಿನ ಸೊಪ್ಪಲ್ಲಿ ಹೊಡೆದು, ‘ಯಾರು ನೀನು, ಹೇಳು’ ಅಂತ ಕೇಳಿದ್ರಂತೆ. ‘ಏನಂದ್ರಿ ಅತ್ತೆ?’ ಅಂದೆ. ‘ನನ್ನ ಹೆಸರೇ ಹೇಳ್ದೆ ಕಣಮ್ಮ. ಸುಳ್ಳು ಹೇಳ್ತೀಯಾ ಅಂತ ಇನ್ನೆರಡು ಹಾಕಿದ್ರು. ಆಮೇಲೆ ಸತ್ತೋಗಿದ್ದ ಯಾವಳದ್ದೋ ಹೆಸರು ಹೇಳ್ದೆ, ಬಿಟ್ರು.’

ಅಷ್ಟು ವರ್ಷ ಒಂದೇ ಮನೇಲಿದ್ದು ನನಗೆ ಇದು ಗೊತ್ತಿರಲಿಲ್ಲ. ಅವರ ಮಗನಿಗೂ ಗೊತ್ತಿರಲಿಲ್ಲ. ಸಿನಿಮಾದಲ್ಲಿ ವಿಷ್ಣುವರ್ಧನ್ ಡಾಕ್ಟರು, ಇದು ಮನಸ್ಸಿನ ಕಾಯಿಲೆ ಅಂತ ಕಂಡುಹಿಡೀತಾರಲ್ಲ, ಅದು ಅತ್ತೆಗೆ ಬಹಳ ಹಿಡಿಸಿತ್ತು. ‘ಅಂಥ ಒಬ್ಬ ನಮ್ಮೂರಿಗೂ ಬಂದಿದ್ರೆ’ ಅಂದು ಸೊಪ್ಪಿನ ಬುಟ್ಟಿ ಎತ್ಕೊಂಡು ಒಳಗೆ ಹೋದ್ರು. ಅವರು ಹೋಗಿ ಎಂಟು ವರ್ಷ ಆಯ್ತು. ಮನೆ ತುಂಬಾ ಜನ ಕೂತು ಆ ಸಿನಿಮಾ ನೋಡ್ತಾ ನಕ್ಕಾಗ ನಾನು ಏನೂ ಹೇಳಲ್ಲ, ಕ್ಲೈಮ್ಯಾಕ್ಸ್ ಹೊತ್ತಿಗೆ ಅಡುಗೆಮನೆಗೆ ಎದ್ದು ಹೋಗ್ತೀನಿ.

ಈಗ ನನ್ನ ಭಯ ಬೇರೆ. 2016ರಲ್ಲಿ ‘ಯು ಟರ್ನ್’ ಬಂತಲ್ಲ, ಡಬಲ್ ರೋಡ್ ಫ್ಲೈಓವರ್ ಕಥೆ. ಸುತ್ತಿ ಬರೋಕೆ ಸೋಮಾರಿತನ ಪಟ್ಟು ಡಿವೈಡರ್ ಕಲ್ಲು ಸರಿಸಿ ಗಾಡಿ ತಿರುಗಿಸ್ತಾರೆ, ಆ ಕಲ್ಲಿಂದ ಬೇರೆ ಯಾರದ್ದೋ ಜೀವ ಹೋಗುತ್ತೆ. ಮಗಳಿಗೆ ದೆವ್ವ ಬಂದಾಗ ಭಯ, ನನಗೆ ಕಲ್ಲು ಕಂಡಾಗ. ಮಗನ ಶಿಫ್ಟ್ ಮುಗಿಯೋದು ರಾತ್ರಿ ಹನ್ನೊಂದಕ್ಕೆ, ಮಾಗಡಿ ರೋಡಲ್ಲಿ ಬೈಕಲ್ಲೇ ಬರ್ಬೇಕು. ಅವನಿಗೆ ಹೇಳಿದ್ರೆ ‘ಅಮ್ಮಾ, ಅದು ಸಿನಿಮಾ’ ಅಂತಾನೆ. ಕಲ್ಲು ಸಿನಿಮಾದ್ದಲ್ಲವಲ್ಲ. ಅವನ ಬೈಕ್ ಸದ್ದು ಕೇಳೋವರೆಗೂ ನಾನು ಗೇಟಿನ ಲೈಟ್ ಆರಿಸಲ್ಲ.