ಗಡಿಗೆಯಲ್ಲಿ ಹುಟ್ಟಿದವರು

ಪ್ರೈಮರಿ ಶಾಲೆ ಮುಗಿಯುವಷ್ಟರಲ್ಲಿ ಪುಸ್ತಕಗಳಿಂದ ನನಗೆ ತಿಳಿದಿದ್ದ ಹೆರಿಗೆಗಳು: ದ್ರೋಣ ಕಲಶದಲ್ಲಿ, ಕೃಪ ಕೃಪಿಯರು ಜೊಂಡಿನಲ್ಲಿ, ಸತ್ಯವತಿ ಮೀನಿನ ಹೊಟ್ಟೆಯಲ್ಲಿ, ಕೌರವರು ತುಪ್ಪದ ಗಡಿಗೆಗಳಲ್ಲಿ. ಎದುರು ಮನೆಯ ಮಗು ಎಲ್ಲಿಂದ ಬಂತು ಎಂದರೆ ಮಾತ್ರ, ‘ಆಸ್ಪತ್ರೆಯಿಂದ ತಂದರು, ಹೋಗಿ ಆಡ್ಕೋ.’

*

ಹೆಂಡತಿಗೆಂದು ಮಂತ್ರಿಸಿಟ್ಟ ನೀರನ್ನು ರಾತ್ರಿ ಬಾಯಾರಿದ ಯುವನಾಶ್ವ ಕುಡಿದುಬಿಟ್ಟ, ಬಸುರಾದ. ಬಲಪಕ್ಕೆ ಸೀಳಿಕೊಂಡು ಮಾಂಧಾತ ಹೊರಬಂದ ಎಂದು ಅಜ್ಜಿಗೆ ಓದಿ ಹೇಳಿದೆ. ‘ಬಲ ಅಲ್ಲವೋ, ಎಡ’ ಎಂದರು. (ಇಬ್ಬರದೂ ಸರಿಯೇ. ಭಾಗವತ ಬಲ ಎನ್ನುತ್ತದೆ, ಭಾರತ ಎಡ.) ಹಾಲಿಲ್ಲದ ಅಪ್ಪನ ಕೂಸಿಗೆ ಇಂದ್ರ ತನ್ನ ಬೆರಳು ಚೀಪಿಸಿದ್ದನ್ನೂ ಅವರೇ ಸೇರಿಸಿದರು. ಗಂಡಸಿನ ಬಸುರಿನಲ್ಲಿ ಎಡಬಲಕ್ಕೆ ಇಷ್ಟು ಕಾಳಜಿ ಮಾಡುವ ಅಜ್ಜಿ, ಚಿಕ್ಕಮ್ಮನ ಬಸುರಿನ ಮಾತು ಬಂದಾಗ ನನ್ನನ್ನು ಕಂಡು ಸುಮ್ಮನಾಗುತ್ತಿದ್ದರು.

*

ಬೃಹನ್ನಳೆಯ ಬಳೆಗಳು. ಬಿಲ್ಲಿನ ಹೆದೆ ತಾಕಿ ತಾಕಿ ಅರ್ಜುನನ ಎರಡೂ ತೋಳುಗಳಲ್ಲಿ ಜಡ್ಡು ಬಿದ್ದಿತ್ತು; ಅದನ್ನು ಮುಚ್ಚಲಿಕ್ಕೆ ಬಳೆ. ಅದನ್ನು ಓದಿದ ಮೇಲೆ ಬಹಳ ದಿನ ಹೆಂಗಸರ ಕೈಗಳನ್ನು ಗಮನಿಸುತ್ತಿದ್ದೆ, ಬಳೆಯ ಕೆಳಗೆ ಏನು ಬಚ್ಚಿಟ್ಟಿದ್ದಾರೆ ಅಂತ. ಅಮ್ಮನ ಮುಂಗೈಯಲ್ಲಿ ಒಗ್ಗರಣೆ ಸಿಡಿದ ಕಲೆಗಳಿದ್ದವು.

*

ಶಿಖಂಡಿಯದು ಇನ್ನೂ ಗೋಜಲು. ಸ್ಥೂಣಾಕರ್ಣನೆಂಬ ಯಕ್ಷ ತನ್ನ ಗಂಡುತನವನ್ನು ಸ್ವಲ್ಪ ಕಾಲಕ್ಕೆಂದು ಕಡ ಕೊಟ್ಟ, ಅವಳ ಹೆಣ್ಣುತನವನ್ನು ತಾನು ತೆಗೆದುಕೊಂಡ. ವಿಷಯ ತಿಳಿದ ಕುಬೇರ, ಶಿಖಂಡಿ ಸಾಯುವವರೆಗೂ ಹೀಗೇ ಇರು ಎಂದು ಶಪಿಸಿದ. ಕೊಟ್ಟವನು ಹೆಣ್ಣಾಗಿ ಉಳಿದ. ಗಂಡುತನ ಎರವಲು ಕೊಡುವ ವಸ್ತು ಎಂಬುದರಲ್ಲಿ ನನಗೆ ಅನುಮಾನವೇ ಬರಲಿಲ್ಲ. ಕೊಡುವಾಗ ಎಲ್ಲಿಂದ ಬಿಚ್ಚಿ ಎಲ್ಲಿ ತೊಡಿಸಿದರು ಎಂಬುದಷ್ಟೇ ತೊಡಕು. ಪುಸ್ತಕದಲ್ಲಿ ಆ ಪುಟಕ್ಕೆ ಚಿತ್ರವಿರಲಿಲ್ಲ.

ಇಷ್ಟೆಲ್ಲ ಓದಿಕೊಂಡಿದ್ದವನು, ತಲೆಯ ಮೇಲೆ ಎಲ್ಲಮ್ಮನ ಕೊಡ ಹೊತ್ತು ಬಂದ ಜೋಗಪ್ಪನನ್ನು ಕಂಡು ಬಾಗಿಲ ಹಿಂದೆ ಓಡಿದ್ದೇಕೆ? ಮಂಜಮ್ಮ ಜೋಗತಿ 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದಾಗಲೂ ಈ ಪ್ರಶ್ನೆ ಬಂತು. ಬೃಹನ್ನಳೆ ವಿರಾಟನ ಅರಮನೆಯಲ್ಲಿದ್ದಳು, ನಮ್ಮ ಬಾಗಿಲಿಗೆ ಬರುವವಳಲ್ಲ, ಅಷ್ಟೇ ಇರಬಹುದು.

*

ಹೈಸ್ಕೂಲು. ದಾಸವಾಳವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದರೆ, ಕೇಸರಗಳೆಲ್ಲ ಕೂಡಿಕೊಂಡು ಆದ ನಳಿಕೆಯೊಳಗಿನಿಂದಲೇ ಶಲಾಕೆ ಹಾದುಬಂದು ತುದಿಯಲ್ಲಿ ಐದು ಕವಲಾಗಿ, ಕೆಂಪು ಮಖಮಲ್ಲಿನ ಗುಂಡುಗಳನ್ನು ಹೊತ್ತು ನಿಂತಿರುತ್ತದೆ. ಗಂಡಿನೊಳಗೇ ಹೆಣ್ಣು. ಮೇಷ್ಟರು ಇದನ್ನು ಬಣ್ಣದ ಸೀಮೆಸುಣ್ಣದಲ್ಲಿ ಬರೆದು, ಭಾಗಗಳನ್ನು ಬಾಯಿಪಾಠ ಮಾಡಿಸಿದರು. ಎರೆಹುಳುವೂ ದ್ವಿಲಿಂಗಿ ಎಂದರು. ಮನುಷ್ಯರ ಪಾಠ ಬಂದಾಗ, ‘ಇದು ಸುಲಭ, ಮನೆಯಲ್ಲಿ ಓದ್ಕೊಳ್ಳಿ.’

*

ಅನುಪಮಾ ನಿರಂಜನ. ವೈದ್ಯೆ. ‘ದಿನಕ್ಕೊಂದು ಕಥೆ’ಯ ಹನ್ನೆರಡು ಸಂಪುಟಗಳು ನಮ್ಮ ಕೈಗೆ ಸಿಗುವ ಹಲಗೆಯ ಮೇಲಿದ್ದವು. ಅವರದೇ ‘ವಧುವಿಗೆ ಕಿವಿಮಾತು’ ಅಮ್ಮನ ರೇಷ್ಮೆ ಸೀರೆಗಳ ಅಡಿಯಲ್ಲಿತ್ತು, ನ್ಯೂಸ್‌ಪೇಪರಿನ ರಟ್ಟು ಹಾಕಿಕೊಂಡು. ನುಸಿಗುಳಿಗೆಯ ವಾಸನೆಯಲ್ಲಿ ಕದ್ದು ಓದಿದೆ. ಬೈಗುಳವಿಲ್ಲ, ಗುಟ್ಟಿಲ್ಲ, ಡಾಕ್ಟರು ಜ್ವರದ ಬಗ್ಗೆ ಹೇಳುವ ದನಿ. ನಿರಾಸೆಯಾಗಿ ಕಥೆಯ ಹಲಗೆಗೇ ವಾಪಸಾದೆ.

*

ದೊಡ್ಡವನಾದ ಮೇಲೆ ಅನುಶಾಸನ ಪರ್ವದಲ್ಲಿ ಭಂಗಾಸ್ವನ ಸಿಕ್ಕಿದ. ಇಂದ್ರನ ಸಿಟ್ಟಿನಿಂದ ಕೊಳದಲ್ಲಿ ಮಿಂದು ಹೆಣ್ಣಾದ ರಾಜ. ಗಂಡಾಗಿ ನೂರು ಮಕ್ಕಳು, ಹೆಣ್ಣಾಗಿ ನೂರು. ಸತ್ತವರಲ್ಲಿ ಯಾರನ್ನು ಬದುಕಿಸಲಿ ಎಂದರೆ ತಾನು ಹೆತ್ತವರನ್ನು ಎನ್ನುತ್ತಾಳೆ. ಮತ್ತೆ ಗಂಡಾಗುವೆಯಾ ಎಂದರೆ ಬೇಡ, ಸುಖ ಹೆಣ್ಣಿಗೇ ಹೆಚ್ಚು ಎನ್ನುತ್ತಾಳೆ. ನಾನು ಓದಿದ ಯಾವ ಮಕ್ಕಳ ಭಾರತದಲ್ಲೂ ಇದು ಇರಲಿಲ್ಲ, ಸಹಜವೇ. ಆದರೆ ಕೂಡುವಾಗ ಸುಖ ಯಾರಿಗೆ ಹೆಚ್ಚು ಎಂಬ ಈ ಪ್ರಶ್ನೆಯನ್ನು ಧರ್ಮರಾಯ, ಅದೂ ಯುದ್ಧ ಮುಗಿದ ಮೇಲೆ, ಹೋಗಿ ಹೋಗಿ ಭೀಷ್ಮನ ಬಳಿ ಯಾಕೆ ಕೇಳಿದ?