ಅಂಬಲವಯಲಿನ ವೀರಗಲ್ಲುಗಳ ಎದುರು

ಸುಲ್ತಾನ್ ಬತ್ತೇರಿಗೆ ಜೈನರ ಕಾಲದಲ್ಲಿ ‘ಹನ್ನೆರಡು ಬೀದಿ’ ಎಂಬ ಹೆಸರಿತ್ತೆನ್ನುತ್ತಾರೆ. ಅಲ್ಲಿಂದ ಸುಮಾರು 12 ಕಿ.ಮೀ. ದೂರದ ಅಂಬಲವಯಲಿನಲ್ಲಿ ವಯನಾಡಿನ ಪರಂಪರಾ ವಸ್ತುಸಂಗ್ರಹಾಲಯವಿದೆ. ಎಡಕಲ್ಲು ಗುಹೆಗೆ ಅವಸರದಲ್ಲಿ ಹೊರಟವರು ಇದನ್ನು ಹಾದುಹೋಗುವುದೇ ಹೆಚ್ಚು; ಹೋಗಬಾರದು. ಇಲ್ಲಿರುವ ವೀರಗಲ್ಲುಗಳು ಕನ್ನಡದ ಮಕ್ಕಳಿಗೆ ಪಠ್ಯಪುಸ್ತಕದಿಂದಲೇ ಪರಿಚಿತ.

ಒಳಬಂದವರೋ ಕಲ್ಲಿಗೆ ಬೆನ್ನು ತಿರುಗಿಸಿ ತಮ್ಮ ಮುಖವನ್ನೇ ಮೊಬೈಲಿನಲ್ಲಿ ಹಿಡಿಯುತ್ತಾರೆ. ಯಾರಿಗಾಗಿಯೋ ಮಡಿದ ವೀರನು ಊರು ಹೆಸರಿಲ್ಲದ ಹಿನ್ನೆಲೆಯಾಗಿ ವಾಟ್ಸಾಪಿನಲ್ಲಿ ಸುತ್ತುತ್ತಾನೆ.

ಅದೇ ಮೊಬೈಲು ಬೆಂಗಳೂರಿನಲ್ಲಿ ಬೇರೆ ಕೆಲಸಕ್ಕೆ ಒದಗಿತು. ಶಾಸನಾಸಕ್ತರು ಫೇಸ್‌ಬುಕ್ ಗುಂಪು ಕಟ್ಟಿಕೊಂಡು, ಬಡಾವಣೆಗಳ ಮೂಲೆಯಲ್ಲಿ ಬಿದ್ದಿದ್ದ ಕಲ್ಲುಗಳನ್ನು ಅರಸಿದರು. 2021ರಿಂದ ಮಿಥಿಕ್ ಸೊಸೈಟಿಯು ಇಂಥ ಕಲ್ಲುಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿ ತೆರೆದಿಡುತ್ತಿದೆ. ಕಣ್ಣಿಗೆ ಸವೆದಂತೆ ತೋರುವ ಅಕ್ಷರವೂ ಗಣಕದ ಪರದೆಯ ಮೇಲೆ, ನೆರಳು ಬೆಳಕನ್ನು ಹೊಂದಿಸಿದಾಗ, ಎದ್ದು ಕಾಣುತ್ತದೆ. ರಸ್ತೆ ಅಗಲವಾದಾಗ ಕಲ್ಲು ಕಳೆದುಹೋದರೂ ಅದರ ಓದು ಉಳಿಯುತ್ತದೆ.

ವಯನಾಡಿಗೆ ಪ್ರವಾಸ ಹೊರಡುವ ಶಾಲೆಗಳು ಇಷ್ಟು ಮಾಡಬಹುದು: ಸಂಗ್ರಹಾಲಯದ ಅನುಮತಿ ಪಡೆದು, ಕಲ್ಲನ್ನಷ್ಟೇ ನೇರವಾಗಿ ಚಿತ್ರಿಸಿ, ಯಾವ ಊರು, ವೀರನ ಕೈಯಲ್ಲಿ ಯಾವ ಆಯುಧ ಎಂದು ಮಕ್ಕಳಿಂದ ಕನ್ನಡದಲ್ಲಿ ಎರಡು ಸಾಲು ಬರೆಸಿ ಹಂಚುವುದು. ಸೆಲ್ಫಿ ಆಮೇಲೆ, ಹೊರಗಿನ ಅಂಗಳದಲ್ಲಿ.