ಮರಳುಗಾಡಿನ ವರಿ

ನನ್ನ ತಮ್ಮ ಇರುವುದು ಅಬುಧಾಬಿಯಲ್ಲಿ. ಚಳಿಗಾಲ ಬಂತೆಂದರೆ ಗೆಳೆಯರ ಜೊತೆ ಲಿವಾದ ಆಚೆ ಮರಳಿಗೆ ಗಾಡಿ ಇಳಿಸುವುದು ಅವನ ಹುಚ್ಚು. ಲಿವಾ ಅಂದರೆ ರುಬ್ ಅಲ್ ಖಾಲಿಯ ಅಂಚು. ಅಲ್ಲಿಂದ ತೆಂಕಕ್ಕೆ ಹೋದಂತೆ ಮೊಬೈಲ್ ಸತ್ತಂತೆಯೇ.

ಅದಕ್ಕೆಂದೇ ಅಂಗೈಯಗಲದ ಉಪಗ್ರಹ ಸಾಧನವೊಂದನ್ನು ಕೊಂಡಿದ್ದ. ಡಬ್ಬಿಗೆ ಕೊಟ್ಟದ್ದು ಬೇರೆ, ತಿಂಗಳು ತಿಂಗಳು ಐವತ್ತೈದು ದಿರ್ಹಮ್ ಚಂದಾ ಬೇರೆ. ವಿಡಿಯೋ ಕಾಲ್‌ನಲ್ಲಿ ತೋರಿಸಿದಾಗ ನಾನು ನಕ್ಕೆ. ಒಮ್ಮೆಯೂ ಒತ್ತದ ಗುಂಡಿಗೆ ಬಾಡಿಗೆಯಾ? ಉಮ್ಮ ಮಾತ್ರ ನಗಲಿಲ್ಲ. "ಜಮಾಅತಿಗೆ ವರಿ ಕೊಡುವುದಿಲ್ಲವಾ? ಅದು ಸತ್ತ ಮೇಲೆ ಹೊತ್ತುಕೊಂಡು ಹೋಗಲಿಕ್ಕೆ. ಇದು ಬದುಕಿರುವಾಗ ಹೊತ್ತುಕೊಂಡು ಬರಲಿಕ್ಕೆ."

ಸೆಕೆಗಾಲದಲ್ಲಿ ಮರಳಿಗೆ ಯಾರೂ ಹೋಗುವುದಿಲ್ಲವಲ್ಲ, ದುಡ್ಡು ಉಳಿಯಲೆಂದು ಚಂದಾ ನಿಲ್ಲಿಸಿದ. ನವೆಂಬರಿನಲ್ಲಿ ಹೊರಟಾಗ ಮರೆತೇಹೋಗಿತ್ತು. ಗಾಡಿ ಎರಡು ದಿಬ್ಬಗಳ ನಡುವೆ ಅಚ್ಚಿನವರೆಗೆ ಹೂತಿತು. ಜೊತೆಗಿದ್ದ ಗಾಡಿ ಆಗಲೇ ಹಿಂದಿರುಗಿತ್ತು. ಎಸ್‌ಓಎಸ್ ಒತ್ತಿದ. ತಲೆಯ ಮೇಲೆ ಇರಿಡಿಯಂನ 66 ಉಪಗ್ರಹಗಳು ಸುತ್ತುತ್ತಲೇ ಇದ್ದವು, ಚಂದಾ ಕಟ್ಟದವನ ಕೂಗು ಮಾತ್ರ ಡಬ್ಬಿಯಿಂದ ಹೊರಬೀಳಲಿಲ್ಲ. ರಾತ್ರಿ ಕಳೆದು ಬೆಳಿಗ್ಗೆ ಒಂಟೆ ಹುಡುಕುತ್ತಾ ಪಿಕಪ್‌ನಲ್ಲಿ ಬಂದ ಬದುವೊಬ್ಬರು ಹಗ್ಗ ಕಟ್ಟಿ ಎಳೆದರು. ಒಂದು ದಿರ್ಹಮ್ ಮುಟ್ಟಲಿಲ್ಲ.

ಇದನ್ನು ಉಮ್ಮನಿಂದ ಮುಚ್ಚಿಟ್ಟು ನನಗೊಬ್ಬಳಿಗೆ ಹೇಳಿದ್ದು ಆರು ತಿಂಗಳ ಮೇಲೆ. ಆಮೇಲೆ ನಾನೇ ಕೂತು ಅದರ ಕರಾರು ಓದಿದೆ. ಚಂದಾ ಕೊಳ್ಳುವುದು ಸಂದೇಶವನ್ನು, ರಕ್ಷಣೆಯನ್ನಲ್ಲ. ಗುಂಡಿ ಒತ್ತಿದರೆ ದೂರದ ಕೇಂದ್ರದವರು ನಾವಿರುವ ಜಾಗ ನೋಡಿ ಆ ದೇಶದ ಪೊಲೀಸರಿಗೋ ರಕ್ಷಣಾ ಪಡೆಗೋ ತಿಳಿಸುತ್ತಾರೆ. ಹೆಲಿಕಾಪ್ಟರಿನ ಬಿಲ್ಲು ಬಂದರೆ ಅದಕ್ಕೆ ವಿಮೆ ಬೇರೆಯೇ ಮಾಡಿಸಬೇಕು. ನಮ್ಮವರು ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ, ನಾನೂ ಹಾಗೇ ಅಂದುಕೊಂಡಿದ್ದೆ.

ಈ ಸಲ ರಜೆಗೆ ಬರುವಾಗ ಕುದುರೆಮುಖ ಹತ್ತಲು ಡಬ್ಬಿ ತರುತ್ತೇನೆಂದ. ಬೇಡವೇ ಬೇಡ ಎಂದೆ. ಅನುಮತಿಯಿಲ್ಲದೆ ಉಪಗ್ರಹ ಫೋನು ಇಟ್ಟುಕೊಳ್ಳುವುದು ಭಾರತದಲ್ಲಿ ಅಪರಾಧ. ಇಂಥ ಪುಟ್ಟ ಸಾಧನ ಇಟ್ಟುಕೊಂಡ ವಿದೇಶಿ ಪ್ರವಾಸಿಗರೇ ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದಿದ್ದಾರೆ. ಗಲ್ಫಿನಿಂದ ಬರುವ ನಮ್ಮ ಹುಡುಗರ ಬ್ಯಾಗಿನಲ್ಲಿ ಅದು ಕಂಡರೆ ಏನೇನು ಪ್ರಶ್ನೆ ಬಂದೀತು, ಹೇಳಬೇಕೆ?

ಡಬ್ಬಿಯನ್ನು ರೂಮ್‌ಮೇಟ್ ಕೈಗೆ ಕೊಟ್ಟು ಬಂದ. ಚಂದಾ ನಿಲ್ಲಿಸಿರಲಿಲ್ಲ. ಕುದುರೆಮುಖಕ್ಕೆ ಹೊರಡುವಾಗ ಗೈಡಿನ ನಂಬರ್, ಹಿಂತಿರುಗುವ ಹೊತ್ತು ಚೀಟಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ. ಉಮ್ಮ ಅಸರ್‌ನಿಂದ ಇಶಾವರೆಗೆ ನಾಲ್ಕು ಸಲ ಅದನ್ನು ನನ್ನಿಂದ ಓದಿಸಿದರು.